ಬೇರೆ ಓಎಸ್‌ನ ಫೈಲ್‌ಸಿಸ್ಟಮ್ ನಮ್ಮ ಕರ್ನಲ್‌ಗೆ ಸೇರಿಸೋವಾಗ ಎಲ್ಲೆಲ್ಲಿ ಕೈಕೊಡತ್ತೆ

ಪ್ರಶ್ನೆ: ಸರ್, ಲಿನಕ್ಸ್ ಕರ್ನಲ್ (ಓಎಸ್‌ನ ತಿರುಳು) ಕಲಿಯೋಕೆ ಅಂತ, ಹಳೆ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಅನ್ನೋ ಫೈಲ್‌ಸಿಸ್ಟಮ್ (ಡಿಸ್ಕಲ್ಲಿ ಫೈಲ್‌ಗಳನ್ನ ಜೋಡಿಸಿಡೋ ರೀತಿ) ಇರೋ ಡಿಸ್ಕ್ ಓದೋ ಡ್ರೈವರ್ ನಾನೇ ಬರೀತಿದೀನಿ. ಕರ್ನಲ್ಲಲ್ಲಿ ಆಗ್ಲೇ ಒಂದಿದೆ ಅಂತ ಗೊತ್ತು, ಆದ್ರೂ ಅದನ್ನ ನೋಡ್ದೆ ಬರೀಬೇಕು ಅಂತ ಆಸೆ. ಮೌಂಟ್ ಆಗತ್ತೆ (ಡಿಸ್ಕ್ ಸಿಸ್ಟಮ್‌ಗೆ ಸೇರ್ಕೊಳತ್ತೆ), ಹೆಸರೆಲ್ಲ ಬರತ್ತೆ, ಸಣ್ಣ ಫೈಲ್ ಸರಿಯಾಗಿ ಓದತ್ತೆ. ಆದ್ರೆ ತಾರೀಖು 66 ವರ್ಷ ಮುಂದೆ ತೋರ್ಸತ್ತೆ, ಕೆಲವು ದೊಡ್ಡ ವೀಡಿಯೊ ಫೈಲ್‌ಗಳು ಅರ್ಧ ಆದ್ಮೇಲೆ ಬರೀ ಕಸ, ಕೆಲವು ಫೈಲ್ ಪಟ್ಟಿಯಲ್ಲಿ ಕಾಣತ್ತೆ ಆದ್ರೆ ಓಪನ್ ಮಾಡಿದ್ರೆ ಇಲ್ಲ ಅನ್ನತ್ತೆ, ಅನ್‌ಮೌಂಟ್ ಮಾಡ್ದಾಗ ಲಾಗಲ್ಲಿ 'ಬ್ಯುಸಿ ಇನೋಡ್ಸ್ ಆಫ್ಟರ್ ಅನ್‌ಮೌಂಟ್' ಅಂತ ಬರತ್ತೆ. ಇಷ್ಟು ಸರಿ ಮಾಡ್ಕೊಂಡು ರೈಟ್ ಸಪೋರ್ಟ್ (ಡಿಸ್ಕ್ ಮೇಲೆ ಬರೆಯೋದು) ಶುರು ಮಾಡ್ಲಾ? ಅಥ್ವಾ ಇದನ್ನೆಲ್ಲ ಫ್ಯೂಸ್‌ನಲ್ಲಿ, ಅಂದ್ರೆ ಕರ್ನಲ್ ಹೊರಗೆ ಸಾಮಾನ್ಯ ಪ್ರೋಗ್ರಾಮಾಗಿ, ಮಾಡೋದೇ ವಾಸಿನಾ?

ಉತ್ತರ:

ರೈಟ್ ಸಪೋರ್ಟ್ ಈಗ ಬೇಡ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಯಾಕೆ ಅಂತ ಆಮೇಲೆ ಬರ್ತೀನಿ. ಮೌಂಟ್ ಆಗಿ ಸಣ್ಣ ಫೈಲ್ ಓದೋ ತನಕ ಬಂದಿದೀರಲ್ಲ, ಅಂದ್ರೆ ವಾಲ್ಯೂಮ್ ಹೆಡರ್ (ಇಡೀ ಡಿಸ್ಕಿನ ವಿವರ ಇರೋ ಜಾಗ), ಕ್ಯಾಟಲಾಗ್ ಬಿ-ಟ್ರೀ (ಫೈಲ್ ಹೆಸರುಗಳನ್ನ ಕ್ರಮವಾಗಿ ಜೋಡಿಸಿದ ಮರ, ಅದರ ಒಂದೊಂದು ತುಂಡು ಒಂದು ನೋಡ್), ಬಿಗ್ ಎಂಡಿಯನ್ (ಸಂಖ್ಯೆಯ ದೊಡ್ಡ ಬೈಟನ್ನ ಮೊದ್ಲು ಬರೆಯೋ ಕ್ರಮ) ಎಲ್ಲ ನಿಮ್ಗೆ ಹಿಡಿತಕ್ಕೆ ಬಂದಿದೆ ಅಂತ ಅರ್ಥ, ಅದು ಸಣ್ಣ ಕೆಲಸ ಅಲ್ಲ.

ನಿಮ್ಮ ನಾಲ್ಕು ತೊಂದ್ರೇಲಿ ಮೊದಲ ಮೂರು ಒಂದೇ ಜಾಗದಿಂದ ಬರ್ತಿರೋದು. ಡಿಸ್ಕ್ ಮೇಲೆ ಯಾವ ಬೈಟ್ ಎಲ್ಲಿದೆ ಅನ್ನೋದು ಸ್ಪೆಸಿಫಿಕೇಶನ್ನಲ್ಲಿ ಸಿಗತ್ತೆ, ಆಪಲ್‌ನ ಟೆಕ್ನಿಕಲ್ ನೋಟ್ 1150 ಓದಿದ್ರೆ ಎಚ್‌ಎಫ್‌ಎಸ್ ಪ್ಲಸ್ ಬಗ್ಗೆ ಹೆಚ್ಚುಕಮ್ಮಿ ಎಲ್ಲ ಇದೆ. ಆದ್ರೆ ಆ ಡಿಸ್ಕ್ ಬರೆದ ಓಎಸ್ ಜಗತ್ತನ್ನ ಹೇಗೆ ನೋಡ್ತಿತ್ತು ಅನ್ನೋದು ಬೈಟ್‌ಗಳ ಹಿಂದೆ ಕೂತಿರತ್ತೆ, ನಮ್ಮ ಕರ್ನಲ್ ನೋಡೋ ರೀತಿ ಬೇರೆ ಇರತ್ತೆ, ಈ ಎರಡರ ನಡುವೆ ನಿಂತು ಮಾತು ತಿಳಿಸೋ ದುಭಾಷಿನೇ ನಿಮ್ಮ ಡ್ರೈವರ್. ದುಭಾಷಿಗೆ ಎರಡೂ ಕಡೆ ಗೊತ್ತಿರ್ಬೇಕಲ್ವಾ. ಎಷ್ಟೋ ಜನ ಒಂದು ಕಡೆ ಮಾತ್ರ ಓದ್ಕೊಂಡು ಶುರು ಮಾಡ್ತಾರೆ.

ನಮ್ಮ ಕಡೆ ಏನಿದೆ ಅಂದ್ರೆ ವಿಎಫ್‌ಎಸ್, ಎಲ್ಲ ಫೈಲ್‌ಸಿಸ್ಟಮ್‌ಗೂ ಕರ್ನಲ್ ಕೊಟ್ಟಿರೋ ಒಂದೇ ಮುಖ. 1980ರ ದಶಕದ ಮಧ್ಯದಲ್ಲಿ ಸನ್ ಕಂಪ್ನಿಯೋರು ಲೋಕಲ್ ಡಿಸ್ಕೂ ನೆಟ್‌ವರ್ಕ್ ಮೇಲಿನ ಎನ್‌ಎಫ್‌ಎಸ್ಸೂ ಪ್ರೋಗ್ರಾಮ್‌ಗಳಿಗೆ ಒಂದೇ ತರ ಕಾಣಲಿ ಅಂತ ವಿನೋಡ್ ಅನ್ನೋ ಪದರ ಮಾಡಿದ್ರು, ಸ್ಟೀವ್ ಕ್ಲೈಮನ್ 1986ರಲ್ಲಿ ಅದರ ಬಗ್ಗೆ ಪೇಪರ್ ಬರೆದ್ರು. ಲಿನಕ್ಸಲ್ಲಿ ಅದೇ ವಿಚಾರ ಸೂಪರ್‌ಬ್ಲಾಕ್ (ಮೌಂಟ್ ಆದ ಇಡೀ ಫೈಲ್‌ಸಿಸ್ಟಮ್), ಇನೋಡ್ (ಒಂದು ಫೈಲ್), ಡೆಂಟ್ರಿ (ಒಂದು ಹೆಸರು), ಫೈಲ್ (ಓಪನ್ ಆಗಿರೋ ಫೈಲ್) ಅಂತ ನಾಲ್ಕು ವಸ್ತು ಆಗಿದೆ, ಒಂದೊಂದಕ್ಕೂ ಫಂಕ್ಷನ್ ಪಾಯಿಂಟರ್‌ಗಳ ಒಂದು ಟೇಬಲ್, ಅದನ್ನ ತುಂಬಿ ಕೊಡೋದು ನಿಮ್ಮ ಕೆಲಸ. ಆದ್ರೆ ಈ ನಾಲ್ಕೂ ಯುನಿಕ್ಸ್ ಮನೇಲಿ ಹುಟ್ಟಿ ಬೆಳೆದಿದ್ದು. ಫೈಲ್ ಅಂದ್ರೆ ಒಂದು ನಂಬರ್, ಹೆಸರು ಅನ್ನೋದು ಬೇರೆ ಎಲ್ಲೋ ಇರತ್ತೆ, ಒಂದೇ ಫೈಲ್‌ಗೆ ಹತ್ತು ಹೆಸರು ಇರ್ಬಹುದು, ಹೆಸರು ಅಂದ್ರೆ ಬರೀ ಬೈಟ್‌ಗಳ ಸಾಲು, ಇದೆಲ್ಲ ಅಲ್ಲಿ ಕೇಳದೇನೇ ಒಪ್ಕೊಂಡಿರೋ ಮಾತು. ಎಚ್‌ಎಫ್‌ಎಸ್ ಪ್ಲಸ್ ಬಂದಿದ್ದು 1998ರಲ್ಲಿ, ಮ್ಯಾಕ್ ಓಎಸ್ 8.1 ಜೊತೆ, ಅದು ಯುನಿಕ್ಸ್ ಆಗೋಕೂ ಮುಂಚಿನ ಮ್ಯಾಕ್. ಅಲ್ಲಿ ಈ ಯಾವ ಮಾತೂ ಹಾಗ್ಹಾಗೇ ನಿಜ ಅಲ್ಲ.

ತಾರೀಖಿಂದ ಶುರು ಮಾಡೋಣ, ಅದು ಸುಲಭ. ಯುನಿಕ್ಸ್ ಸಮಯ ಎಣಿಸೋದು 1970ರ ಜನವರಿ 1ರಿಂದ, ಎಚ್‌ಎಫ್‌ಎಸ್ ಪ್ಲಸ್ ಎಣಿಸೋದು 1904ರ ಜನವರಿ 1ರಿಂದ. 66 ವರ್ಷ, ಅದರಲ್ಲಿ 17 ಅಧಿಕ ದಿನ, ಒಟ್ಟು 24107 ದಿನ, ಸೆಕೆಂಡಲ್ಲಿ 2082844800. ಇದನ್ನ ಕಳೀಬೇಕು ಅಷ್ಟೇ. ಆದ್ರೆ ಕಳೆಯೋ ಮುಂಚೆ 32 ಬಿಟ್ ಅನ್‌ಸೈನ್ಡ್ ಸಂಖ್ಯೆನ 64 ಬಿಟ್ ಸೈನ್ಡ್ ಮಾಡ್ಕೊಳಿ, ಇಲ್ಲಾಂದ್ರೆ 1970ಕ್ಕಿಂತ ಹಿಂದಿನ ತಾರೀಖು ಇರೋ ಫೈಲ್ ಸಿಕ್ಕಿದ ದಿನ ಮತ್ತೆ ವಿಚಿತ್ರವಾಗಿ ಕಾಣತ್ತೆ. ಇನ್ನೊಂದು ಸೂಕ್ಷ್ಮ ಇದೆ, ಫೈಲ್‌ಗಳ ಸಮಯ ಎಲ್ಲ ಜಿಎಂಟಿಯಲ್ಲಿ ಇರತ್ತೆ ಆದ್ರೆ ವಾಲ್ಯೂಮ್ ಹೆಡರಲ್ಲಿರೋ ಡಿಸ್ಕ್ ಸೃಷ್ಟಿಯಾದ ಸಮಯ ಮಾತ್ರ ಲೋಕಲ್ ಟೈಮಲ್ಲಿ ಇರತ್ತೆ, ಅದೊಂದು ಯಾಕೆ ಕೆಲವು ಗಂಟೆ ಆಚೀಚೆ ಅಂತ ತಲೆ ಕೆಡಿಸ್ಕೋಬೇಡಿ. ಈ 32 ಬಿಟ್ ಲೆಕ್ಕ 2040ರ ಫೆಬ್ರವರಿ 6ಕ್ಕೆ ಮುಗಿಯತ್ತೆ. ಸೂಪರ್‌ಬ್ಲಾಕಲ್ಲಿ ಕನಿಷ್ಠ ಗರಿಷ್ಠ ಸಮಯ ಹೇಳೋ ಎರಡು ಫೀಲ್ಡ್ ಕರ್ನಲ್ 5.4ರಿಂದ ಇದೆ, ಅದನ್ನ ತುಂಬಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಆಗಿದ್ರೆ 1601ರಿಂದ 100 ನ್ಯಾನೊಸೆಕೆಂಡ್ ಲೆಕ್ಕ, ಫ್ಯಾಟ್ ಆಗಿದ್ರೆ 1980ರಿಂದ, ಅದೂ ಬರೆದ ಸಮಯ ಎರಡೆರಡು ಸೆಕೆಂಡಿಗೆ ಒಂದು ಹೆಜ್ಜೆ, ಟೈಮ್‌ಝೋನ್ ಗೊತ್ತೇ ಇಲ್ಲ. ಪ್ರತಿ ಫಾರ್ಮ್ಯಾಟಲ್ಲೂ ಈ ಕಥೆ ಇದ್ದೇ ಇರತ್ತೆ.

ದೊಡ್ಡ ಫೈಲ್ ಕಸ ಆಗ್ತಿರೋದು ಇನ್ನೂ ಸ್ವಾರಸ್ಯ. ಕ್ಯಾಟಲಾಗ್ ರೆಕಾರ್ಡ್ ಒಳಗೆ ಒಂದು ಫೈಲ್‌ಗೆ ಎಂಟೇ ಎಂಟು ಎಕ್ಸ್‌ಟೆಂಟ್‌ಗೆ ಜಾಗ, ಅಂದ್ರೆ 'ಇಂಥ ಬ್ಲಾಕಿಂದ ಶುರು, ಇಷ್ಟು ಬ್ಲಾಕ್' ಅನ್ನೋ ಜೋಡಿ ಎಂಟು. ಫೈಲ್ ಡಿಸ್ಕಲ್ಲಿ ಒಂದೇ ಕಡೆ ಸಾಲಾಗಿದ್ರೆ ಎಷ್ಟೇ ದೊಡ್ಡದಿದ್ರೂ ಒಂದೇ ಜೋಡಿ ಸಾಕು, ಅದಕ್ಕೇ ನಿಮ್ಗೆ ಕೆಲವು ದೊಡ್ಡ ಫೈಲ್ ಸರಿ ಬಂದು ಕೆಲವು ಕೆಟ್ಟಿರೋದು. ಒಂಬತ್ತನೇ ತುಂಡಿಂದ ಮುಂದಿಂದೆಲ್ಲ ಎಕ್ಸ್‌ಟೆಂಟ್ಸ್ ಓವರ್‌ಫ್ಲೋ ಅನ್ನೋ ಇನ್ನೊಂದು ಬಿ-ಟ್ರೀಲಿ ಇರತ್ತೆ. ನೀವು ಎಂಟರ ಮುಂದಕ್ಕೆ ಅರೇ ಓದ್ಕೊಂಡು ಹೋಗ್ತಿದೀರಿ ಅನ್ಸತ್ತೆ, ಪಕ್ಕದ ಫೀಲ್ಡನ್ನೇ ಬ್ಲಾಕ್ ನಂಬರ್ ಅಂದ್ಕೊಂಡು ಓದಿದ್ರೆ ಕಸನೇ ಬರೋದು. ಆ ಟ್ರೀಯ ಕೀ (ಹುಡುಕೋಕೆ ಬಳಸೋ ಗುರುತು) ಒಳಗೆ ಫೋರ್ಕ್ (ಒಂದು ಮ್ಯಾಕ್ ಫೈಲಲ್ಲಿ ಇರ್ಬಹುದಾದ ಡೇಟಾ, ರಿಸೋರ್ಸ್ ಅನ್ನೋ ಭಾಗ) ಯಾವ್ದು, ಫೈಲ್ ಐಡಿ ಏನು, ಎಷ್ಟನೇ ಬ್ಲಾಕಿಂದ ಅನ್ನೋ ಮೂರು ಇರತ್ತೆ. ಹುಡುಕೋವಾಗ ನಿಮ್ಗೆ ಬೇಕಾದ ಬ್ಲಾಕ್ ನಂಬರೇ ಕೀಯಲ್ಲಿ ಸಿಗ್ಬೇಕು ಅಂತ ಹುಡುಕಿದ್ರೆ ಸಿಗಲ್ಲ, ಅದಕ್ಕೆ ಸಮ ಅಥವಾ ಅದಕ್ಕಿಂತ ಚಿಕ್ಕದರಲ್ಲಿ ಅತಿ ದೊಡ್ಡದು ಯಾವ್ದೋ ಅದನ್ನ ಹಿಡಿಬೇಕು, ಹಿಡಿದು ಅದು ಅದೇ ಫೈಲ್‌ದಾ ಅಂತ ಮತ್ತೆ ನೋಡ್ಬೇಕು, ಈ ಎರಡನೇ ಚೆಕ್ ಮರೆತ್ರೆ ಪಕ್ಕದ ಫೈಲ್‌ನ ಬ್ಲಾಕ್ ತಂದು ಕೊಡ್ತೀರಿ, ಅದು ಕಸಕ್ಕಿಂತ ಕೆಟ್ಟದ್ದು ಯಾಕಂದ್ರೆ ನೋಡೋಕೆ ಸರಿಯಾಗೇ ಇರತ್ತೆ. ಕ್ಯಾಟಲಾಗ್ ಕೂಡ ಒಂದು ಫೈಲೇ, ಅದೂ ಎಂಟಕ್ಕಿಂತ ಹೆಚ್ಚು ತುಂಡಾಗಿ ಓವರ್‌ಫ್ಲೋ ಟ್ರೀಗೆ ಹೋಗಿರ್ಬಹುದು, ಹಾಗಾಗಿ ಮೌಂಟ್ ಮಾಡೋವಾಗ ಓವರ್‌ಫ್ಲೋ ಟ್ರೀನ ಮೊದ್ಲು ತೆಗೆದು ಆಮೇಲೆ ಕ್ಯಾಟಲಾಗ್ ತೆಗೀರಿ. ಹಾಗಾದ್ರೆ ಓವರ್‌ಫ್ಲೋ ಟ್ರೀನೇ ಒಂಬತ್ತು ತುಂಡಾದ್ರೆ? ಆಗಂಗಿಲ್ಲ, ಅದು ತನ್ನ ಎಂಟರೊಳಗೇ ಇರ್ಬೇಕು ಅನ್ನೋದು ನಿಯಮ, ಇಲ್ಲಾಂದ್ರೆ ಬೀಗದ ಕೈ ಪೆಟ್ಟಿಗೆ ಒಳಗೇ ಇಟ್ಟು ಬೀಗ ಹಾಕ್ದಂಗೆ.

ಜೊತೆಗೆ ಯೂನಿಟ್ ನೋಡ್ಕೊಳಿ. ಎಕ್ಸ್‌ಟೆಂಟಲ್ಲಿರೋದು ಅಲೋಕೇಶನ್ ಬ್ಲಾಕ್ (ಎಚ್‌ಎಫ್‌ಎಸ್ ಪ್ಲಸ್ ಜಾಗ ಹಂಚೋ ಅಳತೆ) ನಂಬರ್, ಬ್ಲಾಕ್ ಲೇಯರ್ ಕೇಳೋದು 512 ಬೈಟಿನ ಸೆಕ್ಟರ್, ಸೂಪರ್‌ಬ್ಲಾಕಲ್ಲಿ ನೀವು ಹೇಳಿರೋ ಬ್ಲಾಕ್ ಸೈಜ್ ಮೂರನೇದು. ಈ ಮೂರಕ್ಕೂ ಒಂದೇ ವೇರಿಯೇಬಲ್ ಹೆಸರಿಟ್ರೆ ಒಂದಲ್ಲ ಒಂದಿನ ಕೈಕೊಡತ್ತೆ. ಡಿಸ್ಕಿಂದ ಬಂದ ಪ್ರತಿ ಫೀಲ್ಡಿಗೂ ಬಿಗ್ ಎಂಡಿಯನ್ ಟೈಪ್ ಕೊಡಿ, ಸ್ಪಾರ್ಸ್ ಅನ್ನೋ ಚೆಕರ್ ಓಡ್ಸಿ, ಎಲ್ಲಿ ತಿರುಗಿಸೋಕೆ ಮರೆತಿದೀರೋ ಅದೇ ಹೇಳತ್ತೆ.

ಈಗ ಹೆಸರು. ಕಾಣತ್ತೆ ಆದ್ರೆ ಓಪನ್ ಆಗಲ್ಲ ಅನ್ನೋದಕ್ಕೆ ಇಲ್ಲಿ ಮೂರ್ನಾಲ್ಕು ಕಾರಣ ಇರ್ಬಹುದು, ಎಲ್ಲಾನೂ ಒಂದೇ ಸಲ ಇರ್ಬಹುದು. ಎಚ್‌ಎಫ್‌ಎಸ್ ಪ್ಲಸ್ಸಲ್ಲಿ ಹೆಸರು 255ರ ತನಕ 16 ಬಿಟ್ ಯೂನಿಕೋಡ್ ಅಕ್ಷರ, ಅದೂ ಬಿಡಿಸಿಟ್ಟ ರೂಪದಲ್ಲಿ. ನಮ್ಮ 'ೋ' ಸ್ವರಚಿಹ್ನೆನೇ ತಗೊಳಿ, ನೀವು ಕೀಬೋರ್ಡಲ್ಲಿ ಟೈಪ್ ಮಾಡಿದಾಗ ಒಂದೇ ಕೋಡ್ ಬರತ್ತೆ, ಯೂನಿಕೋಡ್ ನಿಯಮದ ಪ್ರಕಾರ ಪೂರ್ತಿ ಬಿಡಿಸಿದ್ರೆ 'ೆ', 'ೂ', ಆಮೇಲೆ ದೀರ್ಘದ ಗುರುತು, ಒಟ್ಟು ಮೂರು ಕೋಡ್. ಪರದೆ ಮೇಲೆ ಎರಡೂ ಒಂದೇ. ಯೂಸರ್ ಕೊಟ್ಟ ಹೆಸರನ್ನ ಹಾಗೇ ತಗೊಂಡು ಟ್ರೀಲಿ ಹುಡುಕಿದ್ರೆ ಸಿಗಲ್ಲ, ಮೊದ್ಲು ಬಿಡಿಸಿ ಆಮೇಲೆ ಹುಡುಕ್ಬೇಕು. ಎರಡನೇದು, ದೊಡ್ಡಕ್ಷರ ಚಿಕ್ಕಕ್ಷರ ಒಂದೇ ಅಂತ ಅಲ್ಲಿ ಲೆಕ್ಕ. ಇದು ಬರೀ ಹೋಲಿಕೆ ವಿಚಾರ ಅಲ್ಲ, ಬಿ-ಟ್ರೀ ಜೋಡ್ಸಿರೋದೇ ಆ ಕ್ರಮದಲ್ಲಿ. ಸ್ಪೆಸಿಫಿಕೇಶನ್ನಲ್ಲಿ ಕೊಟ್ಟಿರೋ ಟೇಬಲ್ಲನ್ನೇ ಬಳಸ್ಬೇಕು, ಕರ್ನಲ್ಲಲ್ಲಿರೋ ಲೋಯರ್‌ಕೇಸ್ ಫಂಕ್ಷನ್ ಬಳಸಿದ್ರೆ ನೂರರಲ್ಲಿ ತೊಂಬತ್ತೊಂಬತ್ತು ಹೆಸರು ಸಿಕ್ಕಿ ಒಂದು ಸಿಗಲ್ಲ, ಯಾಕಂದ್ರೆ ಟ್ರೀಲಿ ಎಡಕ್ಕೆ ಹೋಗ್ಬೇಕಾದ ಕಡೆ ಬಲಕ್ಕೆ ಹೋಗ್ಬಿಡ್ತೀರಿ. ಆ ಟೇಬಲ್ಲಲ್ಲಿ ಸೊನ್ನೆ ಕೋಡಿನ ಅಕ್ಷರ ಎಲ್ಲಕ್ಕಿಂತ ಕೊನೆಗೆ ಬರತ್ತೆ ಅನ್ನೋದೂ ನೆನಪಿರ್ಲಿ. ಹೆಡರಲ್ಲಿ 'ಎಚ್ ಪ್ಲಸ್' ಬದ್ಲು 'ಎಚ್‌ಎಕ್ಸ್' ಸಹಿ ಇದ್ರೆ ಆ ಡಿಸ್ಕಲ್ಲಿ ಕೇಸ್ ವ್ಯತ್ಯಾಸ ಇರೋ ಸಾಧ್ಯತೆ ಇದೆ, ಕ್ಯಾಟಲಾಗ್ ಟ್ರೀ ಹೆಡರಲ್ಲಿ ಯಾವ ಹೋಲಿಕೆ ಅಂತ ಬರ್ದಿರತ್ತೆ ಅದನ್ನ ಓದಿ. ಇದನ್ನೆಲ್ಲ ಡ್ರೈವರ್ ಒಳಗೆ ಮಾಡಿದ್ರೂ ಸಾಲಲ್ಲ, ಡೆಂಟ್ರಿ ಕ್ಯಾಶ್‌ಗೂ (ಹುಡುಕಿದ ಹೆಸರುಗಳನ್ನ ಕರ್ನಲ್ ನೆನಪಿಟ್ಕೊಳೋ ಜಾಗ) ಹೇಳ್ಬೇಕು, ಹ್ಯಾಶ್ ಮತ್ತು ಕಂಪೇರ್ ಅಂತ ಎರಡು ಫಂಕ್ಷನ್ ಡೆಂಟ್ರಿ ಆಪರೇಶನ್ಸಲ್ಲಿ ಇದೆ, ಎರಡೂ ಒಂದೇ ನಿಯಮ ಪಾಲಿಸ್ಬೇಕು.

ಮೂರನೇದು ಸ್ಲ್ಯಾಶ್. ಹಳೆ ಮ್ಯಾಕಲ್ಲಿ ಫೋಲ್ಡರ್ ಬೇರೆ ಮಾಡೋ ಚಿಹ್ನೆ ಕೋಲನ್, ಹಾಗಾಗಿ ಹೆಸರಲ್ಲೇ ಸ್ಲ್ಯಾಶ್ ಇರ್ಬಹುದು, '12/5 ಲೆಕ್ಕ' ಅಂತ ಒಂದು ಫೈಲ್ ಇದ್ರೆ ಲಿನಕ್ಸಿಗೆ ಅದು ಫೋಲ್ಡರ್ ಒಳಗಿನ ಫೈಲ್ ತರ ಕಾಣತ್ತೆ. ಪರಿಹಾರ ಸರಳ, ಹೊರಗೆ ತೋರ್ಸೋವಾಗ ಸ್ಲ್ಯಾಶನ್ನ ಕೋಲನ್ ಮಾಡಿ, ಒಳಗೆ ತಗೊಳೋವಾಗ ವಾಪಸ್ ತಿರುಗ್ಸಿ. ಲಿನಕ್ಸಲ್ಲಿರೋ ಡ್ರೈವರೂ ಹಾಗೇ ಮಾಡತ್ತೆ.

ಇನ್ನು ಮೂರು ವಿಚಾರ ನಿಮ್ಗೆ ಇನ್ನೂ ಎದುರಾಗಿರ್ಲಿಕ್ಕಿಲ್ಲ, ಎದುರಾಗತ್ತೆ. ಹಾರ್ಡ್ ಲಿಂಕ್ (ಒಂದೇ ಫೈಲ್‌ಗೆ ಇನ್ನೊಂದು ಹೆಸರು) ಅನ್ನೋದು ಈ ಫಾರ್ಮ್ಯಾಟಲ್ಲಿ ಮೊದಲಿಂದ ಇರ್ಲಿಲ್ಲ, ಆಮೇಲೆ ಅದರ ಮೇಲೇ ಕಟ್ಟಿದ್ದು. ನಿಜವಾದ ಫೈಲ್ ಒಂದು ಗುಪ್ತ ಫೋಲ್ಡರಲ್ಲಿ ಇರತ್ತೆ, ಆ ಫೋಲ್ಡರ್ ಹೆಸರು ನಾಲ್ಕು ಸೊನ್ನೆ ಅಕ್ಷರದಿಂದ ಶುರುವಾಗತ್ತೆ, ಮೇಲೆ ಹೇಳಿದ ಸೊನ್ನೆ ಕೊನೆಗೆ ಬರೋ ನಿಯಮ ಇಲ್ಲಿ ಉಪಯೋಗಕ್ಕೆ ಬರೋದು. ಹೊರಗೆ ಕಾಣೋ ಫೈಲಲ್ಲಿ ಬರೀ ಅದರ ವಿಳಾಸ ಇರತ್ತೆ. ನೀವು ಅದನ್ನ ಗುರುತಿಸ್ದೇ ಇದ್ರೆ ಖಾಲಿ ಫೈಲ್ ಕಾಣತ್ತೆ. ಮತ್ತೆ 2009ರಲ್ಲಿ ಬಂದ ಮ್ಯಾಕ್ ಓಎಸ್ ಹತ್ತರ 10.6 ಆವೃತ್ತಿಯಿಂದ ಕೆಲವು ಸಿಸ್ಟಮ್ ಫೈಲ್‌ಗಳು ಕಂಪ್ರೆಸ್ ಆಗಿರತ್ತೆ, ಡೇಟಾ ಇರೋದು ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟಲ್ಲಿ ಅಥವಾ ರಿಸೋರ್ಸ್ ಫೋರ್ಕಲ್ಲಿ, ಡೇಟಾ ಫೋರ್ಕ್ ಸೊನ್ನೆ ಬೈಟ್. ಸೈಜ್ ಸೊನ್ನೆ ಬಂದ್ರೆ ನಿಮ್ಮ ಕೋಡ್ ತಪ್ಪು ಅಂತ ತಕ್ಷಣ ಅಂದ್ಕೋಬೇಡಿ. ಹಾಗೇ ಡೈರೆಕ್ಟರಿಯ ಲಿಂಕ್ ಕೌಂಟ್. ಯುನಿಕ್ಸಲ್ಲಿ ಅದು ಎರಡು ಪ್ಲಸ್ ಒಳಗಿನ ಫೋಲ್ಡರ್‌ಗಳ ಸಂಖ್ಯೆ, ಇಲ್ಲಿ ಸಿಗೋದು ಒಳಗಿರೋ ಒಟ್ಟು ಐಟಮ್ ಸಂಖ್ಯೆ. ಅದನ್ನ ತುಂಬಿಬಿಟ್ರೆ 'ಫೈಂಡ್' ತರದ ಪ್ರೋಗ್ರಾಮ್ ತಪ್ಪು ಲೆಕ್ಕ ಹಾಕ್ಬಹುದು. ಗೊತ್ತಿಲ್ದಿದ್ರೆ 1 ಅಂತ ಇಡಿ, ಈ ಲೆಕ್ಕ ನಂಬಬೇಡ ಅನ್ನೋ ಅರ್ಥ ಅದಕ್ಕಿದೆ.

ಈಗ ನಾನು ಬಹಳ ಕಾಳಜಿಯಿಂದ ಹೇಳ್ಬೇಕು ಅಂದ್ಕೊಂಡಿರೋ ವಿಷ್ಯ. ಡಿಸ್ಕಲ್ಲಿರೋ ಯಾವ ನಂಬರನ್ನೂ ನಂಬಬೇಡಿ. ನಾನು ಒಂದ್ಸಲ ಒಂದು ಪಾರ್ಸರಲ್ಲಿ ನೋಡ್‌ನ 'ಮುಂದಿನ ನೋಡ್ ಯಾವ್ದು' ಅನ್ನೋ ನಂಬರನ್ನ ಹಾಗೇ ಹಿಂಬಾಲಿಸ್ದೆ, ಕೆಟ್ಟೋಗಿರೋ ಒಂದು ಇಮೇಜಲ್ಲಿ (ಡಿಸ್ಕಿನ ಪೂರ್ತಿ ಕಾಪಿ ಇರೋ ಫೈಲ್) ಅದು ಹಿಂದಿನ ನೋಡ್‌ಗೇ ತೋರಿಸ್ತಿತ್ತು, ಲೂಪ್ ಸುತ್ತಿ ಸುತ್ತಿ ಮಷೀನ್ ಹ್ಯಾಂಗ್ ಆಗಿ ಕಾರಣ ಹುಡುಕೋಕೆ ಮೂರು ದಿನ ಹಿಡೀತು. ಯೂಸರ್ ಪ್ರೋಗ್ರಾಮಲ್ಲಿ ಇದು ಆದ್ರೆ ಆ ಪ್ರೋಗ್ರಾಮ್ ಸಾಯತ್ತೆ, ಕರ್ನಲ್ಲಲ್ಲಿ ಆದ್ರೆ ಎಲ್ಲ ಹೋಗತ್ತೆ. ಎಷ್ಟೋ ಸಿಸ್ಟಮಲ್ಲಿ ಪೆನ್‌ಡ್ರೈವ್ ಚುಚ್ಚಿದ್ರೆ ತಾನಾಗೇ ಮೌಂಟ್ ಆಗತ್ತೆ, ಅಂದ್ರೆ ಯಾರೋ ಬೇಕಂತಲೇ ತಯಾರು ಮಾಡಿದ ಇಮೇಜ್ ನಿಮ್ಮ ಕೋಡಿಗೆ ಬರತ್ತೆ. ನೋಡ್ ಸೈಜ್ ಎರಡರ ಘಾತ ಆಗಿದ್ಯಾ, 512ರಿಂದ 32768ರ ಒಳಗಿದ್ಯಾ ನೋಡಿ. ನೋಡ್‌ನ ಕೊನೆಯಿಂದ ಹಿಂದಕ್ಕೆ ಬರ್ದಿರೋ ರೆಕಾರ್ಡ್ ಆಫ್‌ಸೆಟ್‌ಗಳು 14ನೇ ಬೈಟಿಂದ ಶುರುವಾಗಿ ಏರ್ತಾ ಹೋಗ್ತಿದ್ಯಾ, ನೋಡ್ ಒಳಗೇ ಇದ್ಯಾ, ಕೀ ಉದ್ದ ರೆಕಾರ್ಡಿಗಿಂತ ದೊಡ್ಡದಾ, ಟ್ರೀ ಆಳ ಹೇಳಿದ್ದಕ್ಕಿಂತ ಜಾಸ್ತಿ ಇಳೀತಿದೀವಾ, ಪ್ರತಿಯೊಂದನ್ನೂ ಪ್ರತಿಸಲ ನೋಡಿ. ತಪ್ಪಿದ್ರೆ ಐ/ಓ ಎರರ್ ಕೊಟ್ಟು ಹಿಂದೆ ಬನ್ನಿ, ಕರ್ನಲ್ ನಿಲ್ಲಿಸೋ ಬಗ್ ಮ್ಯಾಕ್ರೊ ಹಾಕ್ಬೇಡಿ.

ಇಲ್ಲೇ ನಿಮ್ಮ ಫ್ಯೂಸ್ ಪ್ರಶ್ನೆಗೂ ಉತ್ತರ ಇದೆ. ಫ್ಯೂಸ್ 2005ರಲ್ಲಿ 2.6.14 ಕರ್ನಲ್‌ಗೆ ಸೇರ್ತು, ಎನ್‌ಟಿಎಫ್‌ಎಸ್ ಓದಿ ಬರೆಯೋಕೆ ಜನ ವರ್ಷಗಟ್ಲೆ ನಂಬ್ಕೊಂಡಿದ್ದು ಅದರ ಮೇಲೆ ನಿಂತ ಎನ್‌ಟಿಎಫ್‌ಎಸ್-3ಜಿಯನ್ನ. ಡಿಸ್ಕಿಂದ ನಾಲ್ಕು ಫೈಲ್ ತೆಗೆಯೋದೇ ಗುರಿ ಆಗಿದ್ರೆ ನಾನು ಫ್ಯೂಸ್ ಅಂತಲೇ ಹೇಳ್ತಿದ್ದೆ. ನಿಮ್ಗೆ ಕರ್ನಲ್ ಕಲಿಯೋದು ಗುರಿ, ಹಾಗಾಗಿ ಕರ್ನಲ್ಲಲ್ಲೇ ಮಾಡಿ, ಆದ್ರೆ ಪಾರ್ಸ್ ಮಾಡೋ ಕೋಡನ್ನ ಪ್ರತ್ಯೇಕ ಫೈಲಲ್ಲಿ, ವಿಎಫ್‌ಎಸ್ ಹೆಸರೇ ಬರ್ದಂಗೆ ಇಡಿ. ಅದೇ ಕೋಡ್ ಯೂಸರ್ ಪ್ರೋಗ್ರಾಮಾಗೂ ಕಂಪೈಲ್ ಆಗ್ಬೇಕು, ಅಲ್ಲಿ ಫಝರ್ (ಕೆಡಿಸಿದ ಇನ್‌ಪುಟ್ ಕೊಡ್ತಾ ಪರೀಕ್ಷೆ ಮಾಡೋ ಪ್ರೋಗ್ರಾಮ್) ಹಚ್ಚಿ ರಾತ್ರಿಯಿಡೀ ಓಡ್ಸಿ. ಆಮೇಲೆ ಕರ್ನಲ್ಲಲ್ಲಿ ಕ್ಯೂಇಎಂಯು (ಕಂಪ್ಯೂಟರ್ ಒಳಗಿನ ನಕಲಿ ಕಂಪ್ಯೂಟರ್) ಒಳಗೆ, ಕೆಎಎಸ್‌ಎಎನ್ (ಮೆಮೊರಿ ತಪ್ಪು ಹಿಡಿಯೋದು) ಮತ್ತು ಲಾಕ್‌ಡೆಪ್ (ಲಾಕ್ ತಪ್ಪು ಹಿಡಿಯೋದು) ಆನ್ ಮಾಡಿ, ಲೂಪ್ ಡಿವೈಸ್ (ಫೈಲನ್ನ ಡಿಸ್ಕ್ ತರ ತೋರ್ಸೋದು) ಮೇಲೆ ಇಮೇಜ್ ಫೈಲ್ ಇಟ್ಟು ಓಡ್ಸಿ. ಅಸಲಿ ಡಿಸ್ಕನ್ನ ಮೊದ್ಲೇ ಇಮೇಜ್ ಮಾಡಿ ಎತ್ತಿಡಿ, ಇಮೇಜ್‌ನ ಕಾಪಿ ಮೇಲೆ ಮಾತ್ರ ಕೆಲಸ.

ರೈಟ್ ಯಾಕೆ ಬೇಡ ಅಂದೆ ಅಂದ್ರೆ, ಓದೋವಾಗ ತಪ್ಪಾದ್ರೆ ಕಸ ಕಾಣತ್ತೆ ಅಷ್ಟೇ, ಡಿಸ್ಕ್ ಹಾಗೇ ಇರತ್ತೆ. ಬರೆಯೋವಾಗ ತಪ್ಪಾದ್ರೆ ಬೇರೆಯವರ ಡೇಟಾ ಹೋಗತ್ತೆ, ಅದೂ ಗೊತ್ತಾಗೋದು ಆರು ತಿಂಗಳಾದ್ಮೇಲೆ. ಒಂದು ಫೈಲ್ ಸೃಷ್ಟಿ ಮಾಡೋಕೆ ಕ್ಯಾಟಲಾಗಲ್ಲಿ ಎರಡು ರೆಕಾರ್ಡ್ ಸೇರ್ಬೇಕು, ನೋಡ್ ತುಂಬಿದ್ರೆ ಒಡೀಬೇಕು, ಮೇಲಿನ ಇಂಡೆಕ್ಸ್ ತಿದ್ದಬೇಕು, ತಾಯಿ ಫೋಲ್ಡರ್‌ನ ಐಟಮ್ ಎಣಿಕೆ ಬದಲಾಗ್ಬೇಕು, ಅಲೋಕೇಶನ್ ಬಿಟ್‌ಮ್ಯಾಪ್, ಹೆಡರಲ್ಲಿರೋ ಖಾಲಿ ಬ್ಲಾಕ್ ಲೆಕ್ಕ, ಮಧ್ಯದಲ್ಲಿ ಕರೆಂಟ್ ಹೋದ್ರೆ ಅರ್ಧ ಆಗಿ ನಿಲ್ಲತ್ತೆ. ಮ್ಯಾಕ್ ಕಡೆ ಇದಕ್ಕೆ 2002ರಿಂದ ಜರ್ನಲ್ (ಬದಲಾವಣೆನ ಮೊದ್ಲು ಬೇರೆ ಕಡೆ ಬರ್ದಿಟ್ಕೊಳೋ ದಾಖಲೆ) ಇದೆ. ಲಿನಕ್ಸ್ ಒಳಗಿನ ಡ್ರೈವರ್ ಇಷ್ಟು ವರ್ಷ ಆದ್ರೂ ಜರ್ನಲ್ ಇರೋ ಡಿಸ್ಕನ್ನ ಬಲವಂತದ ಆಪ್ಷನ್ ಕೊಡ್ದೇ ಇದ್ರೆ ರೀಡ್-ಓನ್ಲಿ ಆಗೇ ಮೌಂಟ್ ಮಾಡೋದು, ಅದು ಸರಿಯಾದ ನಿರ್ಧಾರ ಅಂತ ನನ್ನ ಅಭಿಪ್ರಾಯ. ಓದೋಕೂ ಇದು ಮುಖ್ಯ, ಸರಿಯಾಗಿ ಅನ್‌ಮೌಂಟ್ ಆಗ್ದೇ ಇರೋ ಜರ್ನಲ್ ಡಿಸ್ಕಲ್ಲಿ ಹೊಸ ಮೆಟಾಡೇಟಾ ಇನ್ನೂ ಜರ್ನಲ್ಲಲ್ಲೇ ಇರ್ಬಹುದು, ನಿಮ್ಗೆ ಸಿಗೋದು ಹಳೇದು ಹೊಸದು ಕಲಸಿದ ಟ್ರೀ. ಹೆಡರ್‌ನ ಆಟ್ರಿಬ್ಯೂಟಲ್ಲಿ 8ನೇ ಬಿಟ್ ಸರಿಯಾಗಿ ಅನ್‌ಮೌಂಟ್ ಆಯ್ತು ಅನ್ನತ್ತೆ, 13ನೇದು ಜರ್ನಲ್ ಇದೆ ಅನ್ನತ್ತೆ, ಎರಡನ್ನೂ ನೋಡಿ ಲಾಗಲ್ಲಿ ಎಚ್ಚರಿಕೆ ಹಾಕಿ. ಮುಂದೆ ಎಂದಾದ್ರೂ ಬರೆದ್ರೆ, ಕೊನೆಗೆ ಮೌಂಟ್ ಮಾಡಿದ್ದು ಯಾರು ಅನ್ನೋ ನಾಲ್ಕಕ್ಷರದ ಫೀಲ್ಡಲ್ಲಿ ನಿಮ್ಮದೇ ಗುರುತು ಹಾಕಿ, ಜರ್ನಲ್ ಗೊತ್ತಿರೋ ಮ್ಯಾಕ್‌ನ ಗುರುತು ಬಿಟ್ರೆ ಅದು ಹಳೆ ಜರ್ನಲ್ಲನ್ನ ನಿಮ್ಮ ಹೊಸ ಡೇಟಾ ಮೇಲೆ ಬರ್ದುಬಿಡ್ಬಹುದು.

ಇಂಥದಕ್ಕೆ ಎಷ್ಟು ತಾಳ್ಮೆ ಬೇಕು ಅನ್ನೋದಕ್ಕೆ ಎನ್‌ಟಿಎಫ್‌ಎಸ್ ನೋಡಿ. ಪ್ಯಾರಗಾನ್ ಕಂಪ್ನಿ 2020ರಲ್ಲಿ ತಮ್ಮ ಡ್ರೈವರನ್ನ ಸುಮಾರು 27 ಸಾವಿರ ಸಾಲಿನ ಒಂದೇ ಪ್ಯಾಚಾಗಿ ಕಳ್ಸಿದ್ರು, ಇದನ್ನ ಓದೋದು ಹೇಗೆ ಅಂತ ಆಕ್ಷೇಪ ಬಂತು, ತುಂಡು ಮಾಡಿ ತಿದ್ದಿ ತಿದ್ದಿ ಕೊನೆಗೆ 2021ರ 5.15 ಕರ್ನಲ್‌ಗೆ ಸೇರ್ತು. ಅದೂ ವರ್ಷಗಟ್ಲೆ ಮಾರಿದ ಪ್ರಾಡಕ್ಟಿನ ಅನುಭವ ಇರೋರು.

ಉಳಿದಿದ್ದು ಬ್ಯುಸಿ ಇನೋಡ್ಸ್. ಇದು ಮ್ಯಾಕ್‌ಗೆ ಸಂಬಂಧ ಇಲ್ಲ, ಪೂರ್ತಿ ನಮ್ಮ ಕಡೆದು. ನೀವು ಕ್ಯಾಟಲಾಗ್, ಓವರ್‌ಫ್ಲೋ ಟ್ರೀಗಳನ್ನ ಇನೋಡ್ ಆಗಿ ತೆಗೆದು ನಿಮ್ಮ ಪ್ರೈವೇಟ್ ಸ್ಟ್ರಕ್ಚರಲ್ಲಿ ಇಟ್ಕೊಂಡಿದೀರಿ ಅನ್ಸತ್ತೆ. ಅನ್‌ಮೌಂಟ್ ಆಗೋವಾಗ ಕರ್ನಲ್ ಯಾರೂ ಹಿಡ್ಕೊಂಡಿಲ್ದ ಇನೋಡ್‌ಗಳನ್ನ ಹೊರಗೆ ಹಾಕತ್ತೆ, ಆಮೇಲೆ ನಿಮ್ಮ ಪುಟ್ ಸೂಪರ್ ಫಂಕ್ಷನ್ ಕರೆಯತ್ತೆ, ಅದು ಮುಗಿದ್ಮೇಲೆ ಪಟ್ಟಿಯಲ್ಲಿ ಇನ್ನೂ ಏನಾದ್ರೂ ಉಳಿದಿದ್ರೆ ಈ ಮೆಸೇಜ್. ಹಾಗಾಗಿ ಆ ಇನೋಡ್‌ಗಳಿಗೆ ಐಪುಟ್ (ಹಿಡಿದ ಇನೋಡನ್ನ ಬಿಟ್ಟುಕೊಡೋ ಕರೆ) ಮಾಡೋ ಜಾಗ ಪುಟ್ ಸೂಪರ್. ಅದು ಮಾಡಿಯೂ ಬಂದ್ರೆ ಲುಕಪ್ ಫಂಕ್ಷನ್ನಲ್ಲಿ ಎರರ್ ಆಗಿ ಹಿಂದೆ ಬರೋ ದಾರಿ ಎಲ್ಲ ಒಂದೊಂದಾಗಿ ನೋಡಿ, ಐಗೆಟ್ (ಇನೋಡ್ ಹಿಡಿಯೋ ಕರೆ) ಆಗಿ ಐಪುಟ್ ಆಗ್ದೇ ಇರೋ ದಾರಿ ಒಂದು ಸಿಕ್ಕೇ ಸಿಗತ್ತೆ. ಒಂದು ಎಚ್ಚರ, ಮೌಂಟ್ ಅರ್ಧದಲ್ಲೇ ಫೇಲಾಗಿ ರೂಟ್ ಡೆಂಟ್ರಿ ಇನ್ನೂ ಕೂತಿಲ್ದಿದ್ರೆ ಪುಟ್ ಸೂಪರನ್ನ ಕರ್ನಲ್ ಕರೆಯೋದೇ ಇಲ್ಲ, ಆಗ ಮೌಂಟ್ ಮಾಡೋ ನಿಮ್ಮ ಫಿಲ್ ಸೂಪರ್ ಫಂಕ್ಷನ್ ತಾನೇ ಎಲ್ಲ ಬಿಡ್ಬೇಕು. ರೂಟ್ ಡೆಂಟ್ರಿ ಮಾಡೋ ಫಂಕ್ಷನ್ ಫೇಲಾದ್ರೆ ಮಾತ್ರ ರೂಟ್ ಇನೋಡನ್ನ ಅದೇ ಬಿಟ್ಟಿರತ್ತೆ, ಅದಕ್ಕೆ ನೀವು ಇನ್ನೊಂದು ಐಪುಟ್ ಹಾಕ್ಬೇಡಿ.